ಕೋಟಿನ ಅಸ್ತರಿನಲ್ಲಿ ಉಳಿದ ಕೀಲಿ

"ಅದನ್ನ ಮುಟ್ಟಬೇಡ!"

ಗರಗಸ ನಿಂತಿತು. ಹಿಂದೆ ಪರಮಾಣುವಿಗಿಂತ ಸಣ್ಣ ಕಣಗಳನ್ನು ಓಡಿಸುತ್ತಿದ್ದ, ಈಗ ಬಿಚ್ಚುತ್ತಿರುವ ದೈತ್ಯ ಯಂತ್ರದ ಆ ನೆಲದಡಿಯ ಸುರಂಗದಲ್ಲಿ ಈಗ ಓಂಬ್ರೆಟ್ಟಾಳ ಕೂಗೊಂದೇ ಓಡಿತು.

ತಿಬೋ ಮುಖದ ಗಾಜು ಎತ್ತಿದ. "ವರ್ಷದ ಮೇಲೆ ಸಿಕ್ಕಿದೀಯ. ಮೊದಲ ಮಾತೇ ಇದಾ?"

"ವಿಕಿರಣ ಅಳೆಯದೆ ಯಾವ ಅಯಸ್ಕಾಂತವನ್ನೂ ಕತ್ತರಿಸೋ ಹಾಗಿಲ್ಲ. ಅಳೆಯೋಕೆ ನನ್ನನ್ನ ಕಳಿಸಿದ್ದಾರೆ."

"ನಿನ್ನನ್ನಾ?"

"ಕಣ ಹುಡುಕ್ತಿದ್ದೋಳಿಗೆ ಈಗ ಗುಜರಿ ಕಾಯೋ ಕೆಲಸ. ಎಲ್ಲಾ ನಿನ್ನ ಕೃಪೆ!"

"ಅಳೆಯೋ ಡಬ್ಬಿ ಯಾಕೆ? ಇವರ ಕಣ್ಣಲ್ಲೇ ಬೇಕಾದಷ್ಟಿದೆ ವಿಕಿರಣ," ಎಂದು ಪಕ್ಕದಲ್ಲಿ ಗರಗಸ ಹಿಡಿದಿದ್ದ ಮುದುಕ ಗಾಸ್ಪಾರ್ ಗೊಣಗಿದ.

ಯಂತ್ರ ಓಡುತ್ತಿದ್ದ ಕಾಲದಲ್ಲಿ ಇಲ್ಲಿನ ಕಟ್ಟಳೆ ಸರಳವಾಗಿತ್ತು. ಸುರಂಗಕ್ಕೆ ಇಳಿಯುವವರು ಮೇಲಿನ ಹಲಗೆಯಿಂದ ತಲೆಗೊಂದು ಕೀಲಿ ಒಯ್ಯಬೇಕು. ಒಂದೇ ಒಂದು ಕೀಲಿ ವಾಪಸಾಗದಿದ್ದರೂ, ಕೆಳಗೆ ಯಾರೋ ಉಳಿದಿರಬಹುದೆಂದು, ಯಂತ್ರ ಹೊರಡದು. ಮರೆತು ಜೇಬಲ್ಲಿಟ್ಟುಕೊಂಡು ಮನೆಗೆ ಹೋದವರು ಮರುದಿನ ಪಾಳಿಯವರಿಗೆಲ್ಲ ಬೆಣ್ಣೆ ಹಾಕಿ ಸುಟ್ಟ ಕ್ರೋಸಾಂ ತಿಂಡಿ ತರಬೇಕು. ಎಲ್ಲರೂ ನಗುತ್ತಲೇ ತರುತ್ತಿದ್ದರು.

ಕಳೆದ ನವೆಂಬರಿನ ಆ ದಿನ ಮಾತ್ರ ಯಾರೂ ನಗಲಿಲ್ಲ. ಹೊಸ ಕಣದ ಸುಳಿವು ಸಿಕ್ಕಿತ್ತು. ಯಂತ್ರವನ್ನು ಶಾಶ್ವತವಾಗಿ ನಿಲ್ಲಿಸಲು ಉಳಿದದ್ದು ಒಂದೇ ಮಧ್ಯಾಹ್ನ. ಏನೋ ಕೆಟ್ಟಿತು. ತಿಬೋ, ಓಂಬ್ರೆಟ್ಟಾ ಇಬ್ಬರೂ ಇಳಿದು ಸರಿಮಾಡಿ ಬಂದರು. ಹಲಗೆಯಲ್ಲಿ ಒಂದು ಕೀಲಿ ಕಡಿಮೆ! ಜೇಬುಗಳನ್ನು ತಡಕಿದರು, ಸುರಂಗವನ್ನೆಲ್ಲ ಹುಡುಕಿದರು. ಅಷ್ಟರಲ್ಲಿ ಗಡುವು ಮುಗಿಯಿತು.

"ನನ್ನದೇ. ಕೆಳಗೆಲ್ಲೋ ಬಿತ್ತು," ಎಂದಿದ್ದ ತಿಬೋ.

ಅವನನ್ನು ಮದುವೆಯಾಗಬೇಕಿದ್ದ ಓಂಬ್ರೆಟ್ಟಾ ಎಲ್ಲರೆದುರು "ನನ್ನ ಕಣದ ಕೊಲೆಗಾರ!" ಎಂದು ಕಿರುಚಿ, ಅವನ ಕೈಯಲ್ಲಿದ್ದ ತನ್ನ ಕೋಟನ್ನೂ ಬಿಟ್ಟು ಇಟಲಿಯ ಟುರಿನ್‌ಗೆ ಹೊರಟುಹೋದಳು.

ಈಗ, ಮಧ್ಯಾಹ್ನದ ಬಿಡುವಿಗೆ ಮೇಲೆ ಬಂದವಳಿಗೆ ಶೆಡ್ಡಿನ ಗೂಟದಲ್ಲಿ ಅದೇ ಕೋಟು ಕಂಡಿತು, ಅವನ ಜಾಕೆಟ್ಟಿನಡಿಯಲ್ಲಿ.

'ಇನ್ನೂ ಇಟ್ಕೊಂಡಿದ್ದಾನಾ...?'

ಜೂರಾ ಬೆಟ್ಟದ ಗಾಳಿ ಕೊರೆಯುತ್ತಿತ್ತು. ಸಿಟ್ಟಿನಲ್ಲೇ ತೊಟ್ಟಳು. ಜೇಬಿಗಿಳಿದ ಕೈ ಹರುಕಿನಿಂದ ಅಸ್ತರಿನೊಳಕ್ಕೆ ಜಾರಿತು. ತಣ್ಣನೆಯದೇನೋ ತಗುಲಿತು...

ಕೀಲಿ!

ಹಿಂದೆ ತಿಬೋ ನಿಂತಿದ್ದ.

"ನಿಂಗೆ ಗೊತ್ತಿತ್ತಾ?"

"ಗಡುವು ಮುಗಿದ ಮೇಲೆ ಗೊತ್ತಾಯ್ತು. ನಿನ್ನ ಕೋಟು ಎತ್ಕೊಂಡಾಗ."

"ಯಾಕೆ ಹೇಳ್ಲಿಲ್ಲ?"

"ನನ್ನನ್ನ ದ್ವೇಷಿಸಿದ್ರೆ ಟುರಿನ್‌ಗೆ ಹೋಗಿ ತಪ್ಪಿಸ್ಕೋಬಹುದು. ನಿನ್ನನ್ನೇ ದ್ವೇಷಿಸಿದ್ರೆ ಎಲ್ಲಿಗೆ ಹೋಗ್ತಿದ್ದೆ?"

"ಎಷ್ಟು ದೊಡ್ಡ ಮನಸ್ಸು! ತಪ್ಪಿಲ್ಲದವನಿಗೆ ಒಂದು ವರ್ಷ ಶಾಪ ಹಾಕಿಸ್ದೆ ನನ್ನ ಕೈಲಿ. ನನ್ನ ತಪ್ಪು ನನ್ನದಾಗಿರ್ಬೇಕಿತ್ತು, ತಿಬೋ!"

"ಹೂಂ... ಅದು ನಾನು ಮಾಡಿದ ತಪ್ಪು."

ಅವಳ ದನಿ ಕುಸಿಯಿತು. "ಆ ಮಧ್ಯಾಹ್ನ ಯಂತ್ರ ಓಡಿದ್ದಿದ್ರೆ... ಆ ಕಣ ಸಿಗ್ತಿತ್ತಾ?"

"ಇಲ್ಲ."

"ಸುಳ್ಳು."

"ಗೊತ್ತಿಲ್ಲ, ಓಂಬ್ರೆ. ಈ ಯಂತ್ರದಿಂದ ಇನ್ನು ಗೊತ್ತಾಗೋದೂ ಇಲ್ಲ."

ಅವಳ ಕಣ್ಣೀರಿಗೆ ಅಷ್ಟೇ ಸಾಕಾಯಿತು. ಅವನು ಹತ್ತಿರ ಬರಲಿಲ್ಲ. ಅವಳು ಕರೆಯಲೂ ಇಲ್ಲ.

ಮರುದಿನ ಬೆಳಿಗ್ಗೆ ಓಂಬ್ರೆಟ್ಟಾ ಸುರಂಗಕ್ಕೆ ಇಳಿದಾಗ ತೋಳಿನಲ್ಲಿ ದೊಡ್ಡ ಪೊಟ್ಟಣವಿತ್ತು. ಬೆಣ್ಣೆಯ ವಾಸನೆಗೆ ಗರಗಸಗಳು ತಾವಾಗಿ ನಿಂತವು.

"ಕ್ರೋಸಾಂ! ಕೀಲಿ ಯಾರು ಮರೆತದ್ದು, ಮೇಡಂ?" ಗಾಸ್ಪಾರ್ ಕಣ್ಣು ಮಿಟುಕಿಸಿದ.

"ನಾನು," ಎಂದಳು, ಎಲ್ಲರಿಗೂ ಕೇಳುವಂತೆ. "ಕಳೆದ ನವೆಂಬರಿನಲ್ಲಿ."

ಒಬ್ಬೊಬ್ಬರ ಕೈಗೂ ಒಂದೊಂದು ಇಟ್ಟಳು.

ಕೊನೆಯದನ್ನು ತಿಬೋನ ಮುಂದೆ ಹಿಡಿದಳು. "ತಗೋ. ವರ್ಷದ ಹಿಂದಿನ ಬಾಕಿ. ತಂಗಳು."

"ಇರ್ಲಿ... ನಾನೂ ತಂಗಳೇ."

ಅವಳು ಅಯಸ್ಕಾಂತದ ಮೇಲೆ ಡಬ್ಬಿ ಆಡಿಸಿದಳು. ಅದು ಸುಮ್ಮನಿತ್ತು. "ಏನೂ ಉಳಿದಿಲ್ಲ ಇದರಲ್ಲಿ. ಕತ್ತರಿಸು."

"ನೋಡ್ಬೇಡ. ಮೇಲೆ ಹೋಗು, ಓಂಬ್ರೆ."

"ಇಲ್ಲೇ ಇರ್ತೀನಿ. ಈ ಸಲ ಕೋಟು ಬಿಟ್ಟು ಹೋಗಲ್ಲ."

ಅವನು ಗಾಜು ಇಳಿಸಿದ. ಅದರೊಳಗಿನ ಕಣ್ಣು ಒದ್ದೆಯಾಗಿತ್ತು.

"ಹಾಗಾದ್ರೆ ಮೊದಲು ಜೇಬು ಹೊಲ್ಕೋ."