ತಂತಿಯಿಲ್ಲದ ಬ್ಯಾಟು

ಗೋಡೆಗೆ ಸಾಲಾಗಿ ನೇತುಹಾಕಿದ್ದ ಪಿಕಲ್‌ಬಾಲ್ ಪ್ಯಾಡಲ್‌ಗಳನ್ನು, ತಂತಿಯಿಲ್ಲದ ಆ ಹಲಗೆ ಬ್ಯಾಟುಗಳನ್ನು, ಅವಳು ನೋಡಿದ ರೀತಿ, ಕರೆಯದೆ ಮದುವೆಮನೆಗೆ ಬಂದು ಮೊದಲ ಪಂಕ್ತಿಗೇ ಕೂತವರನ್ನು ಯಜಮಾನಿ ನೋಡುವ ಹಾಗಿತ್ತು.

"ಇದ್ದಿದ್ರಲ್ಲಿ ವಾಸಿ ಅನ್ನೋದು ಯಾವುದು ಇದ್ರಲ್ಲಿ?" ಎಂದಳು.

ಅಂಗಡಿಯವನು ಯಂತ್ರದ ಮುಂದೆ ಕೂತು ಯಾರದೋ ರಾಕೆಟ್‌ಗೆ ತಂತಿ ಬಿಗಿಯುತ್ತಿದ್ದ. ಹನ್ನೊಂದು ವರ್ಷದಿಂದ ಅವಳ ರಾಕೆಟ್‌ಗಳಿಗೂ ತಂತಿ ಕಟ್ಟುತ್ತಿದ್ದವನು ಅವನೇ. ಆಟಗಾರರೆಲ್ಲ ಅವನನ್ನು 'ತಂತಿ' ಎಂದೇ ಕರೆಯುತ್ತಿದ್ದರು. ಅವಳು ಹಾಗೂ ಕರೆದವಳಲ್ಲ. ರಾಕೆಟ್ ಕೌಂಟರಿನ ಮೇಲೆ ಇಟ್ಟು, "ಐವತ್ತೆಂಟು ಪೌಂಡ್" ಎಂದು ತಂತಿಯ ಬಿಗಿ ಹೇಳುವಳು, ಹೋಗುವಳು. ಅವನ ಕಣ್ಣು ಯಾವ ಬಣ್ಣದ್ದೆಂದು ಕೇಳಿದ್ದರೆ ತಡವರಿಸುತ್ತಿದ್ದಳು.

"ಯಾರಿಗೆ ಮೇಡಂ?"

"ನಂಗೇ."

ಅವನ ಕೈ ನಿಂತಿತು. ತುಟಿಯ ಮೂಲೆ ಒಂದಿಷ್ಟು ಅದುರಿತು.

"ನಗೋದಾದ್ರೆ ನಾನು ಹೋದ್ಮೇಲೆ ನಗಿ."

"ನಗ್ತಿಲ್ಲ ಮೇಡಂ," ಎಂದು ಅವನು ಮೆಲ್ಲಗೆ ಎದ್ದ.

ಅವಳು ಕ್ಲಬ್ಬಿನ ಟೆನಿಸ್ ಕೋಚ್. ಹದಿನೇಳು ವರ್ಷ ಮಕ್ಕಳಿಗೆ ಸರ್ವ್ ಹೊಡೆಯುವುದನ್ನು ಕಲಿಸಿದವಳು. ಈಗ ಕ್ಲಬ್ಬಿನವರು ನಾಲ್ಕು ಅಂಕಣಗಳಲ್ಲಿ ಮೂರಕ್ಕೆ ನೀಲಿ ಬಣ್ಣ ಬಳಿದು, ಪುಟ್ಟಪುಟ್ಟ ಗೆರೆ ಎಳೆದು, ತೂತುಬಿದ್ದ ಪ್ಲಾಸ್ಟಿಕ್ ಚೆಂಡಿನ ಈ ಪಿಕಲ್‌ಬಾಲ್ ಆಟಕ್ಕೆ ಕೊಟ್ಟುಬಿಟ್ಟಿದ್ದರು. ಮುಂದಿನ ತಿಂಗಳಿಂದ ನೀವೂ ಅದನ್ನೇ ಕಲಿಸಿ, ಆಗದಿದ್ದರೆ ಬೇರೆಯವರು ಸಿದ್ಧರಿದ್ದಾರೆ ಎಂದು ಕಾರ್ಯದರ್ಶಿ ಹಲ್ಲು ಬಿಟ್ಟು ಹೇಳಿದ್ದ. ಸಾಲದ್ದಕ್ಕೆ ಮನೆಯಲ್ಲಿ ಅಮ್ಮನಿಗೇ ಅದರ ಹುಚ್ಚು. ಅರವತ್ತಾರರ ಅಮ್ಮ ಬೆಳಗ್ಗೆ ಟೋಪಿ ಹಾಕಿಕೊಂಡು ಹೊರಟರೆ, ಮಗಳು ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ.

"ಇದರ ಹಿಡಿ ಉದ್ದ," ಎಂದು ಅವನು ಒಂದನ್ನು ಕೆಳಗಿಳಿಸಿದ. "ನಿಮ್ಮದು ಎರಡು ಕೈ ಬ್ಯಾಕ್‌ಹ್ಯಾಂಡ್. ಗಿಡ್ಡ ಹಿಡಿಯಾದ್ರೆ ಎಡಗೈಗೆ ಜಾಗಾನೇ ಇರಲ್ಲ."

"ತರಕಾರಿ ಹೆಚ್ಚೋ ಹಲಗೆ ಇದ್ದಂಗಿದೆ."

"ಹಲಗೆ ದಪ್ಪ ಇದ್ರೇನೇ ಒಳ್ಳೇದು. ಇದು ಹದಿನಾರು ಮಿಲಿಮೀಟರ್. ತೆಳ್ಳಗಿರೋದು ಚೆಂಡನ್ನ ಜೋರಾಗಿ ದೂಡುತ್ತೆ. ಜೋರು ನಿಮ್ಮ ಹತ್ರ ಬೇಕಾದಷ್ಟಿದೆ."

ಮಾತು ಹೊಗಳಿಕೆಯೋ ಕುಹಕವೋ ತಿಳಿಯದೆ ಅವಳು ಅವನನ್ನು ದಿಟ್ಟಿಸಿದಳು. ಜೇನಿನ ಬಣ್ಣದ ಕಣ್ಣು. ತಕ್ಷಣ ಪ್ಯಾಡಲ್ ಕಡೆ ತಿರುಗಿ ಅದರ ಒರಟು ಕಾರ್ಬನ್ ಮುಖವನ್ನು ಉಗುರಿನಿಂದ ಕೆರೆದಳು.

"ಚೆಂಡು ತಿರುಗಿಸೋಕೆ ಅದು," ಎಂದ. "ಕೊಳ್ಳೋ ಮುಂಚೆ ಆಡಿ ನೋಡಿ. ಭಾನುವಾರ ಮೂರು ಥರದ್ದು ತರ್ತೀನಿ."

"ನಿಮ್ ಜೊತೆ?"

ಆ ಎರಡು ಪದಗಳಲ್ಲಿ ಅವಳು ತುಂಬಿದ್ದ ತಾತ್ಸಾರಕ್ಕೆ ಬೇರೆ ಯಾರಾದರೂ ಬಾಡಿಹೋಗುತ್ತಿದ್ದರು. ಅವನು ಹೌದೆಂದು ತಲೆಯಾಡಿಸಿದ, ಅಷ್ಟೇ.

ಭಾನುವಾರ ಅವಳು ಅವನನ್ನು ಹತ್ತು ನಿಮಿಷದಲ್ಲಿ ಮುಗಿಸಿ ಮನೆಗೆ ಹೋಗುವ ಲೆಕ್ಕದಲ್ಲಿ ಕ್ಲಬ್ಬಿನ ನೀಲಿ ಅಂಕಣಕ್ಕೆ ಬಂದಳು. ಮೊದಲ ಹೊಡೆತ ಬೇಲಿ ದಾಟಿತು. ಎರಡನೆಯದೂ. ಅವನು ಬಲೆಯ ಹತ್ತಿರ ನಿಂತು, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆತ್ತಗೆ ಚೆಂಡನ್ನು ಇತ್ತ ದಾಟಿಸುತ್ತಿದ್ದ. ಅವಳು ಮೈಯೆಲ್ಲ ತಿರುಗಿಸಿ ಬೀಸುತ್ತಿದ್ದಳು. ಹನ್ನೊಂದು–ಮೂರು. ಸೋತವಳು ಅವಳು.

"ಇದು ಆಟ ಅಲ್ಲ," ಎಂದಳು ಏದುಸಿರಿನಲ್ಲಿ. "ಇದು ಕೆಲಸ ಇಲ್ಲದವರ ಕಾಲಹರಣ."

"ಇರ್ಬೋದು. ಆದ್ರೆ ಅಷ್ಟು ಹಿಂದಿಂದ ಬೀಸ್ಬೇಡಿ. ಭುಜ ಮತ್ತೆ ನೋಯುತ್ತೆ."

ಅವಳು ನಿಂತಲ್ಲೇ ನಿಂತಳು. ಭುಜದ ಸಂಗತಿ ಅಮ್ಮನಿಗೂ ಗೊತ್ತಿರಲಿಲ್ಲ. ಸರ್ವ್ ನಿಲ್ಲಿಸಿ ಎಂದಿದ್ದ ಡಾಕ್ಟರನ್ನು ಬಿಟ್ಟರೆ ಯಾರಿಗೂ.

"ಯಾರು ಹೇಳಿದ್ರು ನಿಮ್ಗೆ?"

"ನಿಮ್ಮ ರಾಕೆಟ್. ಮೊದಲು ತಂತಿ ಮೇಲ್ಗಡೆ ಸವೀತಿತ್ತು, ಸರ್ವ್ ತಾಗೋ ಜಾಗದಲ್ಲಿ. ಎರಡು ವರ್ಷದಿಂದ ಅಲ್ಲಿ ಹೊಸದರ ಹಾಗೇ ಇರುತ್ತೆ." ಅವನು ತಲೆ ತಗ್ಗಿಸಿದ. "ಇನ್ನೊಂದು ಹೇಳ್ಬೇಕು. ಆಗಿಂದ ನಾನು ಐವತ್ತೆಂಟು ಕಟ್ತಿಲ್ಲ. ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದೆ. ಈಗ ಐವತ್ತು. ಬಿಗಿ ಕಮ್ಮಿ ಇದ್ರೆ ಭುಜಕ್ಕೆ ಪೆಟ್ಟೂ ಕಮ್ಮಿ."

ಸಡಿಲ ತಂತಿಯಲ್ಲಿ ಆಡುವವರನ್ನು ಅವಳು ಹದಿನೇಳು ವರ್ಷ ಆಡಿಕೊಂಡು ನಕ್ಕಿದ್ದಳು. ಎರಡು ವರ್ಷದಿಂದ ತಾನೂ ಅದರಲ್ಲೇ ಆಡುತ್ತಿದ್ದಳು.

"ನನ್ನ ಕೇಳ್ದೇನೇ?"

"ಕೇಳಿದ್ರೆ ಬೇಡ ಅಂತಿದ್ರಿ. ತಪ್ಪು ನಂದೇ."

ಪ್ಯಾಡಲನ್ನು ಅವನ ಕಾಲ ಬಳಿ ಎಸೆದು ನಡೆದುಬಿಟ್ಟಳು.

ಮೂರು ದಿನ ಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು. ಅವನು ಮೋಸಗಾರ, ಅಧಿಕಪ್ರಸಂಗಿ, ತನ್ನ ಕೆಲಸ ತಾನು ನೋಡಿಕೊಂಡಿರಲಾರದವನು ಎಂದು ಅಮ್ಮನ ಮುಂದೆ ಎಲ್ಲ ಹೇಳಿದಳು, ಭುಜದ ವಿಷಯವನ್ನೂ.

ಅಮ್ಮ ಕನ್ನಡಕ ಒರೆಸಿಕೊಂಡಳು. "ಒಂದೇ ಮನೇಲಿದ್ದೂ ನಂಗೆ ಕಾಣದ್ದು ಅವನಿಗೆ ಕಂಡಿದೆ. ನಿನ್ನ ಮೂಗು ಸದಾ ಆಕಾಶ ನೋಡ್ತಿರುತ್ತಲ್ಲ, ಎದುರಿಗೆ ನಿಂತವರು ಕಾಣೋದು ಹ್ಯಾಗೆ?"

"ಅಮ್ಮ, ನೀನು ಸುಮ್ನಿರು."

"ಸುಮ್ನಿದ್ದೇ ನಿಂಗೆ ಮೂವತ್ತೆಂಟಾಯ್ತು."

ನಾಲ್ಕನೆಯ ದಿನ ಸಂಜೆ ಅವಳು ಅಂಗಡಿಗೆ ಹೋದಾಗ ಅವನೊಬ್ಬನೇ ಇದ್ದ. ಉದ್ದ ಹಿಡಿಯ ಆ ಪ್ಯಾಡಲ್ ಕೌಂಟರಿನ ಮೇಲಿತ್ತು. ಬಿದ್ದಾಗ ಅಂಚಿಗೆ ಆದ ಗೀರು ಹಾಗೇ ಇತ್ತು.

"ಇದೇ ಕೊಡಿ," ಎಂದಳು. "ಕ್ಷಮೆ ಕೇಳೋಕೆ ಬಂದಿಲ್ಲ ನಾನು."

"ಗೊತ್ತು ಮೇಡಂ."

"ಮೊದಲ ದಿನ ಯಾಕೆ ನಕ್ರಿ? ಸೋತು ಬಂದ್ಳು ಅಂತ ತಾನೆ?"

ಅವನು ಪ್ಯಾಡಲ್ ಎತ್ತಿಕೊಂಡ. ಅದರ ಹಿಡಿಗೆ ಹೊಸ ಪಟ್ಟಿ ಸುತ್ತುತ್ತ ಹೇಳಿದ: "ನಗ್ಲಿಲ್ಲ. ಇದಕ್ಕೆ ತಂತಿ ಇಲ್ಲ, ಕಟ್ಟಿಸೋ ಕೆಲಸಾನೂ ಇಲ್ಲ. ಒಳ್ಳೇದು ಆರಿಸಿಕೊಟ್ರೆ ವರ್ಷಗಟ್ಟಲೆ ನೀವು ಈ ಕಡೆ ತಲೆ ಹಾಕಲ್ಲ. ಕೆಟ್ಟದ್ದು ಕೊಡೋಣ ಅಂತ ಒಂದು ನಿಮಿಷ ಅನ್ನಿಸಿತ್ತು."

"ಮತ್ತೆ ಯಾಕೆ ಕೊಡ್ಲಿಲ್ಲ?"

"ಭುಜ ನಿಮ್ದಲ್ವಾ."

ಅವಳ ಕಿವಿ ಬಿಸಿಯಾಯಿತು. ಪರ್ಸು ತೆಗೆದು ಹಣವನ್ನು ಕೌಂಟರಿನ ಮೇಲಿಟ್ಟಳು.

"ಈ ಭಾನುವಾರ ಅಮ್ಮನ ಗುಂಪಿನವರು ಡಬಲ್ಸ್‌ಗೆ ಕರ್ದಿದಾರೆ," ಎಂದಳು, ಬೀದಿಯ ಕಡೆ ನೋಡುತ್ತ. "ನಂಗೊಬ್ಬರು ಜೊತೆ ಬೇಕು."

"ಆಟಕ್ಕೆ ಮಾತ್ರಾನಾ?"

ಅವನು ಹೀಗೆ ನೇರ ಕಣ್ಣಿಟ್ಟು ಕೇಳಿದ್ದು ಅವಳಿಗೆ ಹೊಸದು. ಅವಳು ಸ್ಟೂಲು ಎಳೆದುಕೊಂಡು ಕೂತಳು. ಆ ಅಂಗಡಿಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಅಂಥಾ ದರಿದ್ರ ಆಟಕ್ಕೆ, ಬರೀ ಆಟಕ್ಕೆ ಅಂತ ಯಾರಾದ್ರೂ ಬರ್ತಾರಾ?"