ತೆಂಗಿನ ಬುಡದ ಅರ್ಥಿಂಗ್

"ಆಗಲ್ಲ ಅಂದ್ರೆ ಆಗಲ್ಲ ಅನ್ನಬೇಕಿತ್ತಪ್ಪ. ಮನೆ ವೈರಿಂಗ್ ಅಂದ್ರೆ ತೋಟದ ಮೋಟಾರು ಕಟ್ಟಿದಂಗೆ ಅಂದ್ಕೊಂಡ್ಯಾ? ನಾನು ಸತ್ತೇ ಹೋಗಿದ್ದಿದ್ರೆ?"

ಇಂಪನಾ ಅಪ್ಪನಿಗೆ ಈ ಮಾತು ಅಂದದ್ದು ಅಂಗಳದಲ್ಲಿ ನಿಂತು, ಕೇಬಲ್ ಆಫೀಸಿನ ಬಸವಕುಮಾರನ ಎದುರಿಗೆ. ಬಿಳಿಗೆರೆಯಿಂದ ಸುಟ್ಟ ಮೋಟಾರು ತಂದಿದ್ದ ಇಬ್ಬರು ರೈತರೂ ಅಲ್ಲೇ ಇದ್ದರು. ಅಂದುಬಿಟ್ಟ ಮೇಲೆ ಅವಳಿಗೆ ತನ್ನ ದನಿಯೇ ಎರಡನೇ ಸಲ ಕೇಳಿಸಿದಂತಾಯಿತು.

ಅಪ್ಪ ತೋಂಟದಾರ್ಯ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿಯ ಸುರುಳಿ ಕಟ್ಟುವುದರಲ್ಲಿ ತಿಪಟೂರಿನ ಸುತ್ತ ಹೆಸರಾದವರು. ಈ ಮನೆಯ ಒಂದೊಂದು ಸ್ವಿಚ್ಚೂ ಅವರ ಕೈಯದ್ದು. ಅವರು ಮಗಳ ಕಡೆ ನೋಡಲಿಲ್ಲ. ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಂಡು ರೈತರಿಗೆ, "ಬೇರೆ ಕಡೆ ತೋರಿಸ್ಕೊಳಿ ಕಣ್ರಪ್ಪ. ನಂಗೆ ಇನ್ನಾಗಕಿಲ್ಲ" ಎಂದು ಒಳಗೆ ಹೋದರು.

ಹಿಂದಿನ ಸಂಜೆ ಕೃತ್ತಿಕೆ ಮಳೆಯ ಮೊದಲ ಗುಡುಗಿಗೇ ಅಂಗಳದ ತೆಂಗಿನ ಮರಕ್ಕೆ ಸಿಡಿಲು ಬಡಿದಿತ್ತು. ಇಂಪನಾ ಆಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆಂಗಳೂರಿನ ಆಸ್ಪತ್ರೆಯೊಂದರ ವರದಿಗಳನ್ನು ಟೈಪ್ ಮಾಡುತ್ತಿದ್ದಳು. ಮೇಜಿನ ಮೇಲಿದ್ದ ಮೋಡೆಮ್ ಫಟ್ ಎಂದು ಸಿಡಿಯಿತು. ಎಚ್ಚರವಾದಾಗ ನೆಲದ ಮೇಲಿದ್ದಳು. ಎಡಗಿವಿಯೊಳಗೆ ಜೀರುಂಡೆ ಕೂತು ಕೂಗುತ್ತಿತ್ತು.

ಬೆಳಿಗ್ಗೆ ಓಡೋಡಿ ಬಂದ ಬಸವಕುಮಾರ್ ಮೊದಲು ನೋಡಿದ್ದು ಸುಟ್ಟ ಮರದ ತಲೆಯನ್ನು, ಆಮೇಲೆ ಅದರ ಬುಡವನ್ನು. ಅವನ ಮುಖ ಬಿಳುಚಿಕೊಂಡಿತು. ನನ್ನ ಮೇಲಿನ ಕಾಳಜಿ ಎಂದುಕೊಂಡು ಅವಳ ಎದೆ ತುಸು ಬೆಚ್ಚಗಾಯಿತು.

"ಯಾಕೆ ಹೀಗಾಯ್ತು ಕುಮಾರ್?"

ಅವನು ತಡವರಿಸಿದ. "ಮನೆ ಅರ್ಥಿಂಗ್ ಸರಿ ಇರ್ಲಿಲ್ಲ ಅನ್ಸುತ್ತೆ ಮೇಡಂ."

ಅಷ್ಟೇ ಸಾಕಾಗಿತ್ತು ಅವಳಿಗೆ ಅಪ್ಪನ ಮೇಲೆ ಹರಿಹಾಯಲು.

ಅವನ ಮಾತನ್ನು ಅಷ್ಟು ಸಲೀಸಾಗಿ ನಂಬಲು ಅವಳಿಗೆ ಕಾರಣವಿತ್ತು. ಬಾಯಿಬಿಟ್ಟು ಹೇಳುವಂಥ ಕಾರಣವಲ್ಲ, ಅಷ್ಟೇ.

ಮದುವೆ ಮುರಿದು ತವರಿಗೆ ಬಂದ ಮೇಲೆ ಇಂಪನಾ ನಕ್ಕಿದ್ದು ಕಡಿಮೆ. ಈ ಬೇಸಿಗೆಯ ಮೊದಲಲ್ಲಿ ಬ್ರಾಡ್‌ಬ್ಯಾಂಡ್ ಹಾಕಲು ಬಂದವನು ಹೆಗಲ ಮೇಲೆ ಕಪ್ಪು ಕೇಬಲ್ಲಿನ ಸುರುಳಿ ಹೊತ್ತು ಬಾಗಿಲಲ್ಲಿ ನಿಂತು, "ಮೋಡೆಮ್ ಎಲ್ಲಿಡ್ಲಿ ಮೇಡಂ?" ಎಂದು ಕೇಳಿದ್ದ.

"ನಿಮಗೆಲ್ಲಿ ಅನುಕೂಲವೋ ಅಲ್ಲಿ."

"ನಂಗೆ ಅನುಕೂಲ ನೋಡಿದ್ರೆ ಈ ಕಿಟಕಿ ಹತ್ರ. ಬೈಕಲ್ಲಿ ಹೋಗ್ತಾ ಬರ್ತಾ ಕೆಂಪು ಲೈಟೋ ಹಸಿರು ಲೈಟೋ ರಸ್ತೆಯಿಂದಾನೇ ನೋಡ್ಬೋದು."

"ಲೈಟ್ ನೋಡೋಕಾ?"

"ಲೈಟೇ ಕಣ್ರೀ. ಇನ್ನೇನು ನೋಡೋಕೆ?" ಎಂದವನ ಕಿವಿ ಕೆಂಪಾಗಿತ್ತು. ಅವಳು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಅಂದು ತುರುವೇಕೆರೆಗೆ ಹೋಗಿದ್ದರು. ಬಸವಕುಮಾರ್ ಕಂಬದಿಂದ ಕೇಬಲ್ ಎಳೆದು, ಗೋಡೆಯ ಹೊರಗೆ ಒಂದು ಪುಟ್ಟ ಹಿತ್ತಾಳೆ ತುಂಡಿಗೆ ಸೇರಿಸಿ, ಅಲ್ಲಿಂದ ಹಸಿರು ತಂತಿಯೊಂದನ್ನು ಇಳಿಬಿಟ್ಟಿದ್ದ. ಆಮೇಲೆ ತೆಂಗಿನ ಪಾತಿಯಲ್ಲಿ ಕಬ್ಬಿಣದ ಸರಳು ಹೊಡೆದು ತಂತಿಯನ್ನು ಅದಕ್ಕೆ ಕಟ್ಟಿ, "ನೋಡಿ, ದಿನಾ ನೀರು ಬೀಳೋ ಜಾಗ. ಬೇಸಿಗೇಲೂ ತೇವ ಆರಲ್ಲ. ಅರ್ಥಿಂಗ್‌ಗೆ ಇದಕ್ಕಿಂತ ಜಾಗ ಬೇಕಾ?" ಎಂದಿದ್ದ. ಅವಳು ತಲೆಯಾಡಿಸಿದ್ದಳು. ಅವನು ಸುತ್ತಿಗೆ ಎತ್ತುವಾಗ ಮುಂಗೈಯ ನರ ಬಿಗಿಯುವುದನ್ನು ನೋಡುತ್ತಿದ್ದವಳಿಗೆ ಸರಳಿನ ಚಿಂತೆ ಇರಲಿಲ್ಲ.

ಆಮೇಲೆ ನೆಟ್ ನಿಧಾನ ಎಂದು ಅವಳು ಫೋನ್ ಮಾಡುತ್ತಿದ್ದಳು. ಅವನು ಬರುತ್ತಿದ್ದ.

"ಏನ್ ಮೇಡಂ ಕಂಪ್ಲೇಂಟು?"

"ನೀವು ಬರೋ ಹೊತ್ತಿಗೆ ಸರಿಯಾಗಿಬಿಡ್ತು."

"ಹಂಗಾದ್ರೆ ಹೋಗ್ಲಾ?"

"ಕಾಫಿ ಇಟ್ಟಿದೀನಿ. ಕುಡಿದು ಹೋಗಿ."

ಇಷ್ಟೇ ಇದ್ದದ್ದು. ಆದರೂ ಬೆಳಿಗ್ಗೆ ಜಡೆ ಹೆಣೆಯುವಾಗ ಕೈ ಒಂದು ಗಳಿಗೆ ಹೆಚ್ಚು ಹೊತ್ತು ಕನ್ನಡಿಯ ಮುಂದೆ ನಿಲ್ಲುತ್ತಿತ್ತು.

ಸಿಡಿಲಿನ ನಂತರ ಮನೆ ಬೇರೆಯೇ ಆಯಿತು. ಅಪ್ಪನ ಸುರುಳಿ ಸುತ್ತುವ ಯಂತ್ರ ಗೋಣಿಚೀಲದ ಅಡಿಯಲ್ಲಿ ಸೇರಿತು. ಹಗಲೆಲ್ಲ ಅಟ್ಟದಲ್ಲಿ ಕೂತು, ಕೊಬ್ಬರಿಗೆಂದು ಇಟ್ಟ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಕುಲುಕಿ ನೋಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು. ಇಂಪನಾ ಎಷ್ಟೋ ಸಲ ಅಟ್ಟದ ಏಣಿಯ ಕೆಳಗೆ ಬಂದು ನಿಂತಳು. ಅಪ್ಪ, ಹಂಗನ್ನಬಾರದಿತ್ತು ಎನ್ನಲು ಬಾಯಿ ಬರುತ್ತಿರಲಿಲ್ಲ. ಅರ್ಥಿಂಗ್ ಸರಿ ಇರಲಿಲ್ಲವಲ್ಲ, ನಾನಂದದ್ದು ಸುಳ್ಳೇನಲ್ಲವಲ್ಲ ಎಂದು ತನಗೇ ಹೇಳಿಕೊಂಡು ಅಡಿಗೆಮನೆಗೆ ವಾಪಸ್ಸಾಗುತ್ತಿದ್ದಳು.

ಕೆಲವು ದಿನಗಳ ಮೇಲೆ ಹೊಸ ಮೋಡೆಮ್ ಹಿಡಿದು ಬಸವಕುಮಾರ್ ಬಂದ. ಮುಖ ಎತ್ತಲಿಲ್ಲ. ಕಾಫಿ ಎಂದರೆ ಬೇಡ ಎಂದ. ಅಪ್ಪನ ಮೇಲೆ ಕೂಗಾಡಿದ್ದನ್ನು ಕಂಡು ನನ್ನನ್ನು ಬಾಯಿಬಡುಕಿ ಅಂದುಕೊಂಡಿದ್ದಾನೆ ಎಂದು ಅವಳಿಗೆ ಅನಿಸಿತು. ಬಾಗಿಲಿಗೆ ಒರಗಿ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಅವನು ಪಾತಿಯ ಸರಳನ್ನು ಕಿತ್ತು ಹಾಕಿದ್ದ. ಈ ಸಲ ಹಸಿರು ತಂತಿಯನ್ನು ಗೋಡೆಯುದ್ದಕ್ಕೂ ಮೊಳೆ ಹೊಡೆದು, ಮೂಲೆ ತಿರುಗಿಸಿ, ಮನೆಯ ಆಚೆ ಬದಿಯ ಮೀಟರ್ ಬೋರ್ಡಿನವರೆಗೂ ಒಯ್ಯುತ್ತಿದ್ದ.

"ಅಷ್ಟು ದೂರ ಯಾಕೆ?" ಅವಳು ಕೇಳಿದಳು.

ಅವನ ಸುತ್ತಿಗೆ ನಿಂತಿತು. ಕೆಳಗೆ ಬಿದ್ದಿದ್ದ ಕೇಬಲ್ಲಿನ ತುಂಡೊಂದನ್ನು ಎತ್ತಿ ತುದಿ ತೋರಿಸಿದ. "ನಡುವಿನ ತಂತೀಲಿ ಇಂಟರ್‌ನೆಟ್ ಬರ್ತದೆ. ಸುತ್ತ ಬಲೆ ಹೆಣೆದಂಗೆ ಐತಲ್ಲ, ಇದು ಹೊರಗಿನ ಗಲಾಟೆ ಒಳಕ್ಕೆ ಬರದಂಗೆ ತಡೀತದೆ. ಈ ಬಲೇನ ಭೂಮಿಗೆ ಕಟ್ಬೇಕು. ಆದ್ರೆ ಮೀಟರ್ ಬೋರ್ಡ್ ಹತ್ರ ಇರೋ ಮನೆ ಕರೆಂಟಿನ ಅರ್ಥಿಂಗ್ ಯಾವುದೋ, ಇದಕ್ಕೂ ಅದೇ ಆಗ್ಬೇಕು. ಬೇರೆ ಆಗ್ಬಾರ್ದು."

"ಬೇರೆ ಆದ್ರೆ?"

"ಸಿಡಿಲು ಬಿದ್ದಾಗ ಅಲ್ಲಿಯ ನೆಲಕ್ಕೆಲ್ಲ ವೋಲ್ಟೇಜ್ ಏರ್ತದೆ. ಎರಡೂ ಒಂದೇ ಕಡೆ ಕಟ್ಟಿದ್ರೆ ಎರಡೂ ಜೊತೇಲಿ ಏರಿ ಜೊತೇಲಿ ಇಳೀತವೆ. ಬೇರೆ ಬೇರೆ ಆದ್ರೆ ಒಂದು ಮೇಲೆ, ಇನ್ನೊಂದು ಕೆಳಗೆ. ಆಗ ಎರಡರ ಮಧ್ಯೆ ಏನು ಸಿಕ್ಕಿದ್ರೆ ಅದರೊಳಗೇ ನುಗ್ತದೆ."

"ಮಧ್ಯೆ ಏನಿರುತ್ತೆ?"

"ಮೋಡೆಮ್ ಇರ್ತದೆ. ಕಂಪ್ಯೂಟರ್ ಇರ್ತದೆ." ಅವನು ತುಂಡನ್ನು ಕೆಳಗಿಟ್ಟ. "ನೀವಿದ್ರಿ."

ಅವಳು ಪಾತಿಯಲ್ಲಿ ಸರಳು ಕಿತ್ತ ತೂತನ್ನು ನೋಡಿದಳು.

"ಮತ್ತೆ ಅಲ್ಲಿಗ್ಯಾಕೆ ಕಟ್ಟಿದ್ರಿ?"

"ಹತ್ರ ಇತ್ತು. ತೇವ ಇತ್ತು. ಮೀಟರ್ ಬೋರ್ಡಿನ ತನಕ ಎಳೆಯೋಕೆ ಸೋಮಾರಿತನ. ಅದೂ ಅಲ್ದೆ ಇಡೀ ಊರಿಗೇ ಎತ್ತರದ ಮರ, ಸಿಡಿಲು ಬಂದ್ರೆ ಮೊದಲು ಅದಕ್ಕೇ. ಅದರ ಬುಡದಿಂದ ನಿಮ್ಮ ಮೇಜಿಗೆ ನಾನೇ ಕೈಯಾರೆ ದಾರಿ ಮಾಡಿಕೊಟ್ಟೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ನಿಮ್ಮಪ್ಪನ ಅರ್ಥಿಂಗ್ ಸರಿಯಾಗೇ ಇತ್ತು. ಆವತ್ತು ಮರ ನೋಡ್ದಾಗ್ಲೇ ನಂಗೆ ಗೊತ್ತಾಯ್ತು. ಆಫೀಸಿಗೆ ತಿಳಿದ್ರೆ ಕೆಲಸ ಹೋಗ್ತದೆ ಅಂತ ಒಂದು ಭಯ. ನೀವು ಇನ್ನು ನನ್ನ ಮುಖ ನೋಡಲ್ಲ ಅಂತ ಇನ್ನೊಂದು. ಯಾವುದು ದೊಡ್ಡದಿತ್ತು ಅಂತ ಕೇಳ್ಬೇಡಿ."

 ಅವಳಿಗೆ ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಅವನ ತನಕ ಹೋಗದೆ ನಡುದಾರಿಯಲ್ಲೇ ತನ್ನ ಕಡೆ ತಿರುಗಿತು. ಇವನು ಅಂದದ್ದು ಒಂದೇ ಮಾತು, ಅದೂ ತಡವರಿಸಿ. ಬೆಳೆಸಿದವಳು ತಾನು. ಹುಟ್ಟಿದಾಗಿನಿಂದ ಕಂಡ ಕೈಯನ್ನು ಬಿಟ್ಟು, ಒಂದು ಬೇಸಿಗೆ ಕಂಡ ಕಣ್ಣನ್ನು ನಂಬಿದವಳು ತಾನು.

"ನಿಮ್ಮನೆ ಯಜಮಾನ್ರಿಗೆ ಈಗ್ಲೇ ಹೇಳ್ತೀನಿ" ಎಂದ ಅವನು.

"ನೀವು ಹೇಳಿದ್ರೆ ನಿಮ್ದು ಮುಗೀತದೆ. ನಾನಂದಿದ್ದು?"

"ನಾನು ಹೇಳಿದ್ದಕ್ಕಲ್ವ ನೀವು ಅಂದಿದ್ದು?"

"ನನ್ನ ಬಾಯಿಗೆ ನೀವು ಯಾಕೆ ಜವಾಬ್ದಾರಿ ಹೊರ್ತೀರಾ? ಬನ್ನಿ."

ಅಟ್ಟದ ಏಣಿಯ ಕೆಳಗೆ ಇಬ್ಬರೂ ನಿಂತರು. ಮೇಲೆ ಕಾಯಿ ಕುಲುಕುವ ಸದ್ದು. ಅವಳ ಬಲಗಿವಿಗಷ್ಟೇ ಕೇಳಿಸುತ್ತಿತ್ತು.

"ಅಪ್ಪ, ಕುಮಾರ್ ಬಂದಿದಾರೆ."

"ಬಂದ್ರೆ ಕಾಫಿ ಕೊಡವ್ವ."

"ಯಜಮಾನ್ರೆ, ತಪ್ಪು ನಂದು" ಎಂದು ಶುರುಮಾಡಿದ ಬಸವಕುಮಾರ್. ತಲೆ ತಗ್ಗಿಸಿಕೊಂಡು, ಏಣಿಯ ಮೆಟ್ಟಿಲಿಗೆ ಹೇಳಿದಂತೆ ಎಲ್ಲವನ್ನೂ ಹೇಳಿದ. ಸರಳು, ಪಾತಿ, ಸುಳ್ಳು. ಮೇಲಿನ ಸದ್ದು ನಿಂತಿತ್ತು.

ಅಟ್ಟದಿಂದಲೇ ತೋಂಟದಾರ್ಯ ಅಂದರು, "ಗೊತ್ತು ಕಣಪ್ಪ."

ಇಂಪನಾ ಏಣಿಯನ್ನು ಹಿಡಿದುಕೊಂಡಳು. "ಗೊತ್ತಾ?"

"ನಿಂಗೆ ಎಚ್ಚರ ಆದ್ಮೇಲೆ ಆವತ್ತು ರಾತ್ರೀನೇ ಮೀಟರ್ ಹಾಕಿ ನೋಡ್ದೆ. ನಮ್ಮನೆ ಅರ್ಥಿಂಗ್ ಚೆನ್ನಾಗೇ ಇತ್ತು. ಬೆಳಿಗ್ಗೆ ಎದ್ದು ಪಾತೀಲಿದ್ದ ಸರಳೂ ನೋಡ್ದೆ."

"ಮತ್ತೆ ನಾನು ಅಷ್ಟೊಂದು ಅನ್ನೋವಾಗ ಯಾಕೆ ಸುಮ್ಮನಿದ್ದೆ ಅಪ್ಪ?"

"ಈ ಹುಡುಗ ಬಂದು ಹೋದ ದಿನ ನೀನು ಹಾಡ್ಕೋತಾ ಮುಸುರೆ ತೊಳೀತಿದ್ದೆ. ಅದನ್ನ ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ ಬುಡು."

ಮುಖ ಕಾದ ಹಂಚಾಯಿತು ಅವಳಿಗೆ. 

"ಹಂಗಿದ್ರೆ ಕೆಲಸ ಯಾಕೆ ಬಿಟ್ಟೆ?"

ಮೇಲೆ ಕಾಯೊಂದನ್ನು ಕೆಳಗಿಟ್ಟ ಸದ್ದಾಯಿತು. "ಅರ್ಥಿಂಗ್ ಸರಿ ಐತೆ ಅಂತ ಗೊತ್ತಿತ್ತು ಕಣವ್ವ. ತಪ್ಪು ನಂದೇ ಅಂತ ನೀನು ಅಷ್ಟು ಸುಲಭವಾಗಿ ನಂಬಿದೆಯಲ್ಲ, ಅದಕ್ಕೇ ಕೆಲಸಕ್ಕೆ ಕೈ ಬರ್ಲಿಲ್ಲ."

ಅವಳು ಏಣಿ ಹತ್ತಿದಳು. ಅಟ್ಟದ ಧೂಳಲ್ಲಿ ಕಾಯಿಗಳ ನಡುವೆ ಮಂಡಿಯೂರಿ ಕೂತು ಅಪ್ಪನ ಕೈ ಹಿಡಿದಳು.  ಹಣೆಯನ್ನು ಆ ಒರಟು ಬೆರಳುಗಳಿಗೆ ಒತ್ತಿ ಸುಮ್ಮನೆ ಅತ್ತಳು. ಅವರು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ತಲೆಯಿಂದ ಒಂದು ನಾರಿನ ಎಳೆ ತೆಗೆದು ಬಿಸಾಡಿದರು.

ಆಮೇಲೆ ಕೆಳಕ್ಕೆ ಬಗ್ಗಿ ಕೇಳಿದರು, "ಇದೇ ಥರ ಇನ್ನೆಷ್ಟು ಮನೇಲಿ ತೆಂಗಿನ ಬುಡಕ್ಕೆ ಹೊಡ್ದಿದೀಯೋ?"

ಬಸವಕುಮಾರ್ ತಲೆ ಎತ್ತಿದ. ಇದನ್ನು ಅವನು ಯೋಚಿಸಿರಲಿಲ್ಲವೆಂದಲ್ಲ. ಯೋಚಿಸಲು ಹೆದರಿದ್ದ. "ಬಿಳಿಗೆರೆ ಕಡೆ ನಾನು ಹಾಕಿರೋವೆಲ್ಲ ಹಂಗೇ ಯಜಮಾನ್ರೆ."

"ಇಲ್ಲಿ ನಿಂತ್ಕಂಡು ತಪ್ಪು ತಪ್ಪು ಅಂದ್ರೆ ಏನು ಬಂತು? ಮೋಡ ನೋಡ್ದ್ಯಾ? ಹೋಗು, ಒಂದೊಂದಾಗಿ ಕೀಳು. ಯಾಕೆ ಅಂತ ಕೇಳಿದ್ರೆ ನಿಜ ಹೇಳು."

"ಹೇಳಿದ್ರೆ ಆಫೀಸಲ್ಲಿ—"

"ಕೆಲಸ ಹೋದ್ರೆ ಬಾ. ಸುರುಳಿ ಕಟ್ಟೋದು ಹೇಳ್ಕೊಡ್ತೀನಿ." ಅಷ್ಟು ಹೇಳಿ ತೋಂಟದಾರ್ಯ ಮಗಳ ಕಡೆ ತಿರುಗಿದರು. "ನೀನೂ ಹೋಗು. ನೀನು ಅಂದಿದ್ದನ್ನ ಕೇಳಿಸ್ಕಂಡೋರು ಬಿಳಿಗೆರೇಲೇ ಅವ್ರೆ."

ಬೈಕಿನ ಹಿಂದೆ ಹಸಿರು ತಂತಿಯ ಸುರುಳಿ ಮಡಿಲಲ್ಲಿಟ್ಟುಕೊಂಡು ಅವಳು ಕೂತಳು. ಬಿಳಿಗೆರೆಯಲ್ಲಿ ಮೊದಲು ಹೋದದ್ದು ಆ ದಿನ ಮೋಟಾರು ತಂದಿದ್ದವರಲ್ಲಿ ಒಬ್ಬರ ಮನೆಗೇ. "ಅವತ್ತು ಅಪ್ಪನಿಗೆ ನಾನಂದಿದ್ದು ತಪ್ಪು ಅಣ್ಣ. ಅವರ ಕೆಲಸದಲ್ಲಿ ಏನೂ ಕುಂದಿರ್ಲಿಲ್ಲ" ಎಂದಳು.  ಆತ ಇವಳನ್ನು ಮೇಲಿಂದ ಕೆಳಕ್ಕೆ ನೋಡಿ, "ನಾವು ನಂಬಿರ್ಲಿಲ್ಲ ಬುಡವ್ವ" ಎಂದ. ನಂಬಿದವಳು ತಾನೊಬ್ಬಳೇ ಎಂಬುದು ಆ ಮಾತಿನಲ್ಲಿ ತಣ್ಣಗೆ ಬಂದು ತಾಕಿತು.

ಮನೆಯಿಂದ ಮನೆಗೆ ಹೋದರು. ಕೆಲವರು ಬೈದರು. ಒಬ್ಬರು ಆಫೀಸಿಗೆ ಅಲ್ಲೇ ಫೋನ್ ಮಾಡಿದರು. ಬಸವಕುಮಾರ್ ಎಲ್ಲರಿಗೂ ಅದೇ ಮಾತು ಹೇಳಿದ, ನನ್ನ ತಪ್ಪು ಎಂದು. ಸರಳು ಕಿತ್ತ, ತಂತಿ ಎಳೆದ. ಅವಳು ಸುರುಳಿ ಬಿಚ್ಚಿಕೊಡುತ್ತ ಅವನ ಹಿಂದೆ ನಡೆದಳು.

ಎರಡು ತೋಟಗಳ ನಡುವಿನ ಬೇಲಿಯ ಹತ್ತಿರ ಅವನು ನಿಂತ.

"ಇಂಪನಾ ಅವರೇ, ನಿಮ್ಮ ಮೇಲೆ ಮನಸ್ಸೈತೆ ಅಂತ ಚೆನ್ನಾಗಿರೋ ಒಂದು ದಿನ ಹೇಳ್ಬೇಕು ಅಂದ್ಕೊಂಡಿದ್ದೆ. ಈಗ ಹೇಳೋಕೆ ನಾಚಿಕೆ ಆಗ್ತದೆ."

"ನಂಗೇನು ಕಮ್ಮಿ ಆಗ್ತಿದೆಯಾ?" ಅವಳು ತಂತಿಯ ಗಂಟು ಬಿಡಿಸುತ್ತಲೇ ಅಂದಳು. "ಅಪ್ಪನ ಮುಖ ನೋಡೋಕೆ ಇನ್ನೂ ಎಷ್ಟು ದಿನ ಬೇಕೋ. ನಿಮ್ಮನ್ನ ನಂಬೋಕೆ ಅದಕ್ಕಿಂತ ಹೆಚ್ಚು ದಿನ ಬೇಕು."

"ಕಾಯ್ತೀನಿ."

"ಕಾಯೋದು ಬೇಡ, ಜೊತೇಲಿ ಬನ್ನಿ. ಇಬ್ಬರಿಗೂ ನಾಚಿಕೆ ಇದ್ಮೇಲೆ ಒಬ್ಬೊಬ್ಬರೇ ಯಾಕೆ ಹೊರಬೇಕು?"

ಅವನು ಮೊದಲ ಸಲ ಅವಳ ಕಣ್ಣನ್ನು ನೇರ ನೋಡಿದ. ಅವಳು ನೋಟ ತಪ್ಪಿಸಲಿಲ್ಲ, ನಗಲೂ ಇಲ್ಲ.

ಮುಂದಿನ ಮನೆ ಸುವರ್ಣಮ್ಮನದು. ಅಂಗಳ ಗುಡಿಸುತ್ತಿದ್ದ ಮುದುಕಿ ಪೊರಕೆ ನಿಲ್ಲಿಸಿ, ಸರಳು ಕೀಳುವವನನ್ನೂ ತಂತಿ ಹಿಡಿದವಳನ್ನೂ ನೋಡಿದಳು.

"ನಿನ್ನ ಗೊತ್ತು ಕಣ್ಲಾ. ಈಯಮ್ಮ ಯಾರು?"

 ಇಂಪನಾಳೇ ಉತ್ತರ ಕೊಟ್ಟಳು.

"ಇವರ ಜೊತೆ ಬಂದೋಳು, ಅಜ್ಜಿ."

ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿ, "ಹಂಗಿದ್ರೆ ಇಬ್ರೂ ಒಳೀಕೆ ಬನ್ನಿ, ನೀರು ಕುಡೀರಿ" ಎಂದಳು.