ಎಸ್ಬೆನ್ ಓದದೆ ಬಿಟ್ಟ ಸಾಲು

"ಹೋಲ್ಮ್ ಯಜಮಾನ್ರು ಇದಾರಾ?"

ಬಾಗಿಲು ತೆರೆದ ಥೋರಾ ಅಗುಳಿ ಹಿಡಿದೇ ನಿಂತಳು. ಈ ದ್ವೀಪದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರೇ ಇಲ್ಲ!

"ನಾನು ಎಸ್ಬೆನ್. ಕೋಪನ್‌ಹೇಗನ್ನಿಂದ ಬಂದೆ. ಅವರ ಕಾದಂಬರಿ ಅಚ್ಚು ಹಾಕಿದ್ದು ನಾನೇ."

ಎರಡು ವರ್ಷ ಪತ್ರದಲ್ಲಷ್ಟೇ ಕಂಡವನು ಈಗ ಹೊಸ್ತಿಲಲ್ಲಿ... ಹೋಲ್ಮ್ ಎಂಬ ಗಂಡಸಿನ ಹೆಸರಿಟ್ಟುಕೊಂಡು ಕಾದಂಬರಿ ಬರೆದವಳೂ ಅವಳೇ, ಅವನಿಗೆ ಉತ್ತರಿಸುತ್ತಿದ್ದವಳೂ ಅವಳೇ. ಆದರೆ ಹೇಳುವುದು ಹೇಗೆ? ಒಳಗೆ ಅಪ್ಪ, ಕಣ್ಣು ಕಳೆದುಕೊಂಡ ಪಾದ್ರಿ ಗ್ರೆಗರ್ಸ್. ಅವರ ಪ್ರವಚನ ಬರೆದುಕೊಂಡು ಚರ್ಚಿನಲ್ಲಿ ಹೇಳಿಕೊಡಲು ಅವಳನ್ನು ಬಿಟ್ಟರೆ ಯಾರೂ ಇಲ್ಲ. ಆ ಮನೆಯಲ್ಲಿ ಅವಳು ಕಟ್ಟಿಹಾಕಿದಂತೆ ಬದುಕುತ್ತಿದ್ದಳು.

"ಅವರು... ಊರಲ್ಲಿಲ್ಲ."

"ಪುಸ್ತಕದವರಾ? ಒಳಗೆ ಕರ್ಕೊಂಡು ಬಾಮ್ಮಾ!" ಅಪ್ಪ ಕೂಗಿದರು. "ದೋಣಿ ಹೊರಡೋವರೆಗೆ ಏನಾದ್ರೂ ಓದ್ಲಿ."

ಎಸ್ಬೆನ್ ಅದೇ ಕಾದಂಬರಿ ತೆಗೆದ. ಥೋರಾ ಬೆನ್ನು ತಿರುಗಿಸಿ ಕಾಫಿ ಬಗ್ಗಿಸುತ್ತಾ ಕೇಳುತ್ತಿದ್ದಳು. ಅವನ ದನಿಯಲ್ಲಿ ತನ್ನ ಮಾತು ಎಷ್ಟು ಚೆನ್ನಾಗಿತ್ತು! ಅಷ್ಟರಲ್ಲಿ...

"ಒಂದು ಸಾಲು ಬಿಟ್ರಿ!"

ಬಾಯಿ ಜಾರಿತ್ತು. ಎಸ್ಬೆನ್ ಅವಳನ್ನೇ ನೋಡಿದ. ಕಣ್ಣಿಲ್ಲದ ಪಾದ್ರಿಗೆ ನೋವಾದೀತೆಂದು ಅವನು ಬೇಕೆಂದೇ ಬಿಟ್ಟಿದ್ದ ಸಾಲು ಅದು.

"ಬಿಟ್ಟಿದ್ದನ್ನೂ ಓದಪ್ಪ," ಎಂದರು ಪಾದ್ರಿ.

ಅವನು ಮೆಲ್ಲಗೆ ಓದಿದ. "ಕಣ್ಣು ಹೋದದ್ದು ಅಪ್ಪನಿಗೆ, ಕತ್ತಲೆಯಾದದ್ದು ಮಗಳಿಗೆ."

ಥೋರಾ ಕಾಫಿ ಪಾತ್ರೆ ಕೆಳಗಿಟ್ಟಳು. 'ಅಯ್ಯೋ ದೇವರೇ, ಏನು ಮಾಡಿಬಿಟ್ಟೆ!'

"ಹೋಲ್ಮ್ ಅಂತ ಯಾರೂ ಇಲ್ಲ ಅಪ್ಪಾ... ಬರೆದಿದ್ದು ನಾನೇ. ಕ್ಷಮಿಸಿ."

"ಹೋಗಿದ್ದು ಕಣ್ಣು ಕಣೇ, ಕಿವಿಯಲ್ಲ. ನಾನು ಪ್ರವಚನ ನಿಲ್ಲಿಸಿದ್ರೂ ನಿನ್ನ ಲೇಖನಿ ಕರಕರ ಅಂತಾನೇ ಇರ್ತಿತ್ತು." ಅವರು ಮಗಳ ದನಿ ಬಂದ ಕಡೆ ಕೈ ಚಾಚಿದರು. "ಗೊತ್ತು ಅಂದ್ರೆ ನೀನು ಹೊರಟುಬಿಡ್ತೀಯೇನೋ ಅಂತ ಸುಮ್ಮನಿದ್ದೆ. ನನ್ನದೇ ಸ್ವಾರ್ಥ. ಇನ್ನು ಪ್ರವಚನ ಬಾಯಿಪಾಠ ಮಾಡ್ತೀನಿ. ತಪ್ಪಿದ್ರೆ ಊರವರು ನಗ್ಲಿ ಬಿಡು! ಹೋಗಮ್ಮಾ... ನಿನ್ನ ಹೆಸರಲ್ಲೇ ಬರಿ."

ಥೋರಾ ಅಪ್ಪನ ಕೈಯಲ್ಲಿ ಮುಖವಿಟ್ಟು ಅತ್ತಳು.

ಬಾಗಿಲ ಬಳಿ ಎಸ್ಬೆನ್ ಟೋಪಿ ತಿರುವುತ್ತಾ ನಿಂತಿದ್ದ. ಕಿವಿಯೆಲ್ಲ ಕೆಂಪು.

"ಹೋಲ್ಮ್ ಥರ ಮಾತಾಡೋ ಹುಡುಗಿ ಸಿಕ್ಕಿದ್ರೆ ಅವತ್ತೇ ಮದುವೆಯಾಗ್ತೀನಿ ಅಂತ ನಾನು ಅವರಿಗೆ ಬರೆದಿದ್ದೆ..."

"ಓದಿದೀನಿ."

"ಅದೊಂದಕ್ಕೆ ಮಾತ್ರ ಉತ್ತರ ಬರಲಿಲ್ಲ."

"ಗಂಡಸಿನ ಹೆಸರಲ್ಲಿ 'ಹೂಂ' ಅಂತ ಹೇಗೆ ಬರೀಲಿ?"

"ಈಗ?"

ಥೋರಾ ಕಣ್ಣೊರೆಸಿಕೊಂಡು ನಕ್ಕಳು.

"ಹೂಂ!"